ಹಳ್ಳಿ ಹಲ್ಲಿ ಆಗಿದ್ದು ಯಾರ ತಪ್ಪು? (ಕೀಬೋರ್ಡ್ ಬಗ್ಗೆ ಒಂದು ಜಗಳ)

ಬ್ಲಾಗಿನ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯ್ತು. ಸೋಮಾರಿತನ ಕಾರಣ ಅಲ್ಲ (ಈ ಸಲ ಮಾತ್ರ ಅಲ್ಲ :-) ). ಎಡಗೈ ಕಿರುಬೆರಳಿನಿಂದ ಮುಂಗೈವರೆಗೆ ಒಂದು ನೋವು ಹಿಡ್ಕೊಂಡು ಟೀ ಲೋಟ ಎತ್ತೋದೂ ಕಷ್ಟ ಆಗಿತ್ತು. ಈಗ ಪರವಾಗಿಲ್ಲ. ಇವತ್ತು ಇಷ್ಟುದ್ದ ಬರೀತಿದ್ದೀನಿ ಅಂದ್ರೆ ನೀವೇ ಅರ್ಥ ಮಾಡ್ಕೊಳ್ಳಿ.

ಆದ್ರೆ ಈ ಪೋಸ್ಟು ನೋವಿನ ಬಗ್ಗೆ ಅಲ್ಲ, ಜಗಳದ ಬಗ್ಗೆ.

ಹೋದ ವಾರ ಹಳೇ ಬ್ಲಾಗ್ ಗೆಳೆಯರೊಬ್ಬರು ಮನೆಗೆ ಬಂದಿದ್ರು. ಟೇಬಲ್ ಮೇಲಿದ್ದ ನನ್ನ ಹೊಸ ಕೀಬೋರ್ಡ್ ನೋಡಿ, "ಅಕ್ಕಾ, ಎಷ್ಟಾಯ್ತು ಇದು?" ಅಂದ್ರು. ಮೂರೂವರೆ ಸಾವಿರ ಅಂದೆ. ಅವರ ಮುಖ ನೋಡ್ಬೇಕಿತ್ತು! "ಒಂದು ಕೀಬೋರ್ಡಿಗೆ ಮೂರೂವರೆ ಸಾವಿರಾನಾ? ಮುನ್ನೂರು ರೂಪಾಯಿಗೆ ಸಿಗುತ್ತಲ್ಲಕ್ಕಾ, ಅದ್ರಲ್ಲೂ ಅದೇ ಅಕ್ಷರ ಬರೋದು..."

ಈ ಮಾತು ಹೇಳುವಾಗ ಅವರ ಕೈಲಿದ್ದ ಫೋನಿನ ಬೆಲೆ ನಲವತ್ತು ಸಾವಿರ. ಎರಡು ವರ್ಷಕ್ಕೊಂದು ಬದಲಾಯಿಸ್ತಾರೆ. ನಾನು ಫೋನಿನ ಸುದ್ದಿ ಎತ್ತಲಿಲ್ಲ, ಮನೆಗೆ ಬಂದವರು, ಕಾಫಿ ಕೊಟ್ಟೆ. ಆದ್ರೆ ಆ "ಅದೇ ಅಕ್ಷರ ಬರೋದು" ಅನ್ನೋ ಮಾತು ತಲೆಯಲ್ಲಿ ಕೊರೀತಾನೇ ಇದೆ. ಯಾಕಂದ್ರೆ ಅದೇ ಅಕ್ಷರ ಬರೋದಿಲ್ಲ! ಅದಕ್ಕೆ ಸಾಕ್ಷಿ ನನ್ನ ಹತ್ರ ಇದೆ.

ನನ್ನನ್ನು ಬಲ್ಲವರಿಗೆ ಗೊತ್ತು, ಅನುವಾದ ಶುರು ಮಾಡೋಕೆ ಮುಂಚೆ 2004ರಿಂದ ಏಳು ವರ್ಷ ನಾನು ಶಿವಮೊಗ್ಗದ ಒಂದು ಡಿಟಿಪಿ ಸೆಂಟರಿನಲ್ಲಿ ಕೆಲಸ ಮಾಡ್ತಿದ್ದೆ. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಪಿಯುಸಿ ಗೈಡು, ಕವನ ಸಂಕಲನ, ಎಲ್ಲಾ ನಮ್ಮ ಬೆರಳಿನ ಕೆಳಗೇ ಹಾದು ಹೋಗ್ತಿತ್ತು. ಐದು ಸಿಸ್ಟಮ್ಮು, ಐದು ಹೆಣ್ಣುಮಕ್ಕಳು. ಪುಟಕ್ಕಿಷ್ಟು ಅಂತ ದುಡ್ಡು, ತಪ್ಪಿದ್ರೆ ಕಡಿತ.

ಅಲ್ಲಿನ ಕೀಬೋರ್ಡುಗಳ ಕಥೆ ಕೇಳಿ. ಸಂತೆಯಲ್ಲಿ ಬದನೆಕಾಯಿ ತರೋ ಹಾಗೆ ಐದೈದು ಒಟ್ಟಿಗೆ ತರ್ತಿದ್ರು, ಇದ್ದಿದ್ದರಲ್ಲೇ ಅಗ್ಗದ್ದು. ಆರು ತಿಂಗಳಿಗೆ ಅಕ್ಷರ ಎಲ್ಲ ಅಳಿಸಿ ಹೋಗಿ ಬೋಳು ಕಪ್ಪು ಚೌಕಗಳು. ಅದು ಪರವಾಗಿಲ್ಲ, ನಮಗೆ ನೋಡಿ ಹೊಡೆಯೋ ಅಭ್ಯಾಸ ಇರ್ಲಿಲ್ಲ. ಸ್ಪೇಸ್ ಬಾರ್ ಬಲಗಡೆ ಒತ್ತಿದ್ರೆ ಮಾತ್ರ ಇಳಿಯೋದು. ಅದೂ ಪರವಾಗಿಲ್ಲ, ಬಲ ಹೆಬ್ಬೆರಳಲ್ಲೇ ಒತ್ತೋಣ. ಆದ್ರೆ ಎಡಗಡೆ ಶಿಫ್ಟ್ ಇತ್ತಲ್ಲ... ಅದು ನನ್ನ ಸಿಸ್ಟಮ್ಮಿನಲ್ಲಿ ಮೂರು ಸಲಕ್ಕೊಮ್ಮೆ ಕೈ ಕೊಡ್ತಿತ್ತು. ತುದೀಲಿ ಒತ್ತಿದ್ರೆ ಒಂದು ಕಡೆ ವಾಲಿಕೊಂಡು ಅಲ್ಲೇ ಸಿಕ್ಕಿಹಾಕ್ಕೊಳ್ಳೋದು.

ನುಡಿಯಲ್ಲಿ ಹೊಡೆದವರಿಗೆ ಗೊತ್ತು, ಸಣ್ಣ ಎಲ್ ಒತ್ತಿದ್ರೆ ಲ, ಶಿಫ್ಟ್ ಹಿಡಿದು ಒತ್ತಿದ್ರೆ ಳ. ಒಂದು ಲಗ್ನಪತ್ರಿಕೆ. "ನಮ್ಮ ಹಳ್ಳಿಯ ಸ್ವಗೃಹದಲ್ಲಿ" ಅಂತ ಬರಬೇಕಿತ್ತು. "ನಮ್ಮ ಹಲ್ಲಿಯ ಸ್ವಗೃಹದಲ್ಲಿ" ಅಂತ ಆಯ್ತು. ಪ್ರೂಫಲ್ಲೂ ಯಾರ ಕಣ್ಣಿಗೂ ಬೀಳಲಿಲ್ಲ. ಮುನ್ನೂರು ಕಾರ್ಡು ಪ್ರಿಂಟಾಗಿ ಹೋಯ್ತು! ಹಲ್ಲಿಯ ಮನೇಲಿ ಮದುವೆ! ಇವತ್ತು ನೆನೆಸಿಕೊಂಡ್ರೆ ನಗು ಬರುತ್ತೆ. ಅವತ್ತು ನಗು ಬರಲಿಲ್ಲ. ಮುನ್ನೂರು ಕಾರ್ಡಿನ ದುಡ್ಡು ನನ್ನ ಸಂಬಳದಲ್ಲಿ ಕಡಿತ ಆಯ್ತು.

ಶಿಫ್ಟ್ ಸರಿ ಇಲ್ಲ ಸರ್ ಅಂತ ಮಾಲೀಕರಿಗೆ ಮೊದಲೇ ಎರಡು ಸಲ ಹೇಳಿದ್ದೆ. ಅವತ್ತು ಮೂರನೇ ಸಲ ಹೇಳಿದೆ. ಅವರು ಕುರ್ಚಿಗೆ ಒರಗಿಕೊಂಡು ಅಂದ ಮಾತು ಇದು: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಇಪ್ಪತ್ತು ವರ್ಷದ ಹತ್ತಿರ ಆಯ್ತು, ಆ ಗಾದೆಗೆ ನಾನು ಉತ್ತರ ಹುಡುಕ್ತಾನೇ ಇದ್ದೆ. ಈಗ ಸಿಕ್ಕಿದೆ. ನೆಲ ನಿಜವಾಗ್ಲೂ ಡೊಂಕಿದ್ರೆ ಏನ್ ಸ್ವಾಮಿ ಮಾಡೋದು? ಕುಣಿಯೋಳ ಕಾಲು ನೋಡೋಕೆ ಮುಂಚೆ ಒಂದು ಸಲ ಬಗ್ಗಿ ನೆಲ ನೋಡಿದ್ರೆ ಏನು ಗಂಟು ಹೋಗುತ್ತೆ?

ಸರಿ, ನೆಲ ನೋಡೋಣ ಬನ್ನಿ. ಸ್ವಲ್ಪ ಲೆಕ್ಕ ಇದೆ, ಸಹಿಸ್ಕೊಳ್ಳಿ.

"ಬೆಂಗಳೂರಿನಲ್ಲಿ ಮಳೆ ಜೋರಾಗಿದೆ." ಮೂರೇ ಪದ. ಬರಹದ ಇಂಗ್ಲಿಷ್ ಅಕ್ಷರದ ಶೈಲಿಯಲ್ಲಿ ಹೊಡೆದು ನೋಡಿ, ನಡುವಿನ ಎರಡು ಸ್ಪೇಸ್ ಸೇರಿ 28 ಸಲ ಒತ್ತಬೇಕು. ಅದರಲ್ಲಿ ಆರು ಅಕ್ಷರ ಶಿಫ್ಟ್ ಹಿಡ್ಕೊಂಡೇ ಬರಬೇಕು: ಸೊನ್ನೆಗೆ ಎಮ್, ಎರಡು ಸಲ ಳಕಾರಕ್ಕೆ ಎಲ್, ಊಕಾರಕ್ಕೆ ಯು, ಓಕಾರಕ್ಕೆ ಓ, ಆಕಾರಕ್ಕೆ ಎ. ನುಡಿಯ ಕೆ.ಪಿ. ರಾವ್ ವಿನ್ಯಾಸದಲ್ಲಿ 26 ಸಲ, ಶಿಫ್ಟ್ ಮಾತ್ರ ಅಲ್ಲೂ ಆರೇ. ಇದೇ ಸುದ್ದಿನ ಇಂಗ್ಲಿಷಲ್ಲಿ ಹೊಡೀರಿ. ವಾಕ್ಯದ ಮೊದಲ ಅಕ್ಷರಕ್ಕೊಂದು, ಊರಿನ ಹೆಸರಿಗೊಂದು, ಒಟ್ಟು ಎರಡೇ ಶಿಫ್ಟು.

ಆಕಾರಕ್ಕೆ, ಊಕಾರಕ್ಕೆ ಬರಹದಲ್ಲಿ ಸಣ್ಣಕ್ಷರ ಎರಡು ಸಲ ಒತ್ತಿಯೂ ಬರಿಸಬಹುದು, ಒಪ್ಪಿದೆ. ಆದ್ರೆ ಳ, ಣ, ಟ, ಡಗೆ ಆ ದಾರಿ ಇಲ್ಲ. ಅವು ಇಲ್ಲದೆ ಕನ್ನಡ ಬರೆಯೋಕಾಗುತ್ತಾ? ಅವಳು, ಮಕ್ಕಳು, ಹಣ, ಕಣ್ಣು, ಊಟ, ಆಟ, ಮಾಡು, ನೋಡು...

ಈಗ ಇನ್ನೊಂದು ವಿಷಯ ಗಮನಿಸಿ. ಇದು ನಾನು ಕೈ ನೋವಲ್ಲಿ ಸುಮ್ನೆ ಕೂತಿದ್ದಾಗ ಹೊಳೆದಿದ್ದು. ಎಲ್, ಎನ್, ಎಮ್, ಯು, ಐ, ಓ, ಅಂದ್ರೆ ಳ, ಣ, ಸೊನ್ನೆ, ಊ, ಈ, ಓ, ಇವೆಲ್ಲ ಬಲಗೈ ಕೀಲಿಗಳು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಯಾರನ್ನಾದ್ರೂ ಕೇಳಿ, ಬಲಗೈ ಅಕ್ಷರಕ್ಕೆ ಎಡಗೈ ಶಿಫ್ಟ್. ಹಾಗಾಗಿ ಇಷ್ಟೂ ಭಾರ ಬೀಳೋದು ಕೈಯಲ್ಲೇ ಅತ್ಯಂತ ಬಡಪಾಯಿ ಬೆರಳಾದ ಎಡಗೈ ಕಿರುಬೆರಳ ಮೇಲೆ! ನಾನು ದಿನಕ್ಕೆ ಎರಡು ಸಾವಿರ ಪದ ಅನುವಾದ ಮಾಡ್ತೀನಿ. ಪದಕ್ಕೆ ಒಂಬತ್ತು ಅಂತ ಹಿಡಿದ್ರೂ ಹದಿನೆಂಟು ಸಾವಿರ ಸಲ ಒತ್ತೋದು. ಮೇಲಿನ ವಾಕ್ಯದಲ್ಲಿ ಶಿಫ್ಟ್ ಸ್ವಲ್ಪ ಜಾಸ್ತೀನೇ ಇದೆ, ಅದರ ಅರ್ಧ ಅಂತ ಇಟ್ಕೊಳ್ಳಿ. ಆದ್ರೂ ದಿನಕ್ಕೆ ಎರಡು ಸಾವಿರದ ಹತ್ತಿರ ಶಿಫ್ಟು.

ಈ ಎರಡು ಸಾವಿರಾನ ನಾನು ಇಷ್ಟು ವರ್ಷ ಲ್ಯಾಪ್‌ಟಾಪಿನ ಕೀಲಿಯ ಮೇಲೆ ಕುಟ್ತಾ ಇದ್ದೆ. ಅದು ಇಳಿಯೋದೇ ಒಂದು, ಒಂದೂವರೆ ಮಿಲಿಮೀಟರು. ಬೆರಳಿಗೆ ಕೀಲಿ ಇಳಿದಿದ್ದು ಗೊತ್ತಾಗೋ ಅಷ್ಟರಲ್ಲಿ ತಳ ಬಡಿದಿರುತ್ತೆ. ಗೊತ್ತಾಗ್ಲಿಲ್ಲ ಅಂತ ಇನ್ನೂ ಜೋರಾಗಿ ಒತ್ತೋದು, ಮತ್ತೆ ತಳ ಬಡಿಯೋದು. ಡಾಕ್ಟರು ಕೈ ನೋಡಿ ಸ್ನಾಯುರಜ್ಜು ದಣಿದಿದೆ ಅಂದ್ರು. ಆರು ವಾರ ಟೈಪ್ ಮಾಡಬೇಡಿ ಅಂದ್ರು. ಬೇರೆ ಏನ್ ಕೆಲಸ ಮಾಡ್ತೀರಿ ಅಂತಾನೂ ಕೇಳಿದ್ರು. ಬಟ್ಟೆ ಒಗೆಯೋದು, ಚಪಾತಿ ಲಟ್ಟಿಸೋದು ಎಲ್ಲಾ ಹೇಳಿದೆ. ಅವೂ ಸೇರಿವೆ, ನಾನು ಸುಳ್ಳು ಹೇಳಲ್ಲ. ಕೈ ನೋವಿಗೆಲ್ಲ ಕೀಬೋರ್ಡೇ ಕಾರಣ ಅಂತಾನೂ ಹೇಳಲ್ಲ. ಆದ್ರೆ ಚಪಾತಿ ನಾನು ದಿನಕ್ಕೆ ಹನ್ನೆರಡು ಲಟ್ಟಿಸ್ತೀನಿ, ಹದಿನೆಂಟು ಸಾವಿರ ಅಲ್ಲ.

ಆ ಆರು ವಾರ ಕೆಲಸ ಇಲ್ಲ, ದುಡ್ಡಿಲ್ಲ. ಒಪ್ಪಿಕೊಂಡಿದ್ದ ಒಂದು ಪುಸ್ತಕ ಬೇರೆಯವರ ಪಾಲಾಯ್ತು. ಮೂರೂವರೆ ಸಾವಿರ ಹೆಚ್ಚು ಅನ್ನೋರು ಈ ಲೆಕ್ಕಾನೂ ಹಾಕಿ ನೋಡಿ.

ಈಗ ನಿಮ್ಮ ವಾದಗಳು. ಕಾಮೆಂಟಿನಲ್ಲಿ ಬರೋಕೆ ಮುಂಚೆ ನಾನೇ ಹೇಳ್ಬಿಡ್ತೀನಿ :-)

"ಲ್ಯಾಪ್‌ಟಾಪಲ್ಲೇ ಇದೆಯಲ್ಲ, ಇನ್ನೊಂದು ಯಾಕೆ?"

ಇಳಿಯೋದು ಕಡಿಮೆ ಅನ್ನೋದು ಒಂದೇ ತೊಂದ್ರೆ ಅಲ್ಲ. ಲ್ಯಾಪ್‌ಟಾಪಲ್ಲಿ ಪರದೆ ಮತ್ತು ಕೀಲಿಗಳು ಗಂಟು ಹಾಕ್ಕೊಂಡಿವೆ. ಕೈಗೆ ಸರಿಯಾದ ಎತ್ತರಕ್ಕಿಟ್ರೆ ಕತ್ತು ಬಗ್ಗುತ್ತೆ, ಕಣ್ಣಿಗೆ ಸರಿಯಾದ ಎತ್ತರಕ್ಕಿಟ್ರೆ ಭುಜ ಏರುತ್ತೆ. ಎರಡೂ ಸರಿ ಇರೋ ಎತ್ತರ ಅಂತ ಒಂದು ಇಲ್ಲವೇ ಇಲ್ಲ. ಪ್ರಯಾಣದಲ್ಲಿ ಒಂದು ಗಂಟೆ ಹೊಡೆಯೋಕೆ ಮಾಡಿದ ವಸ್ತುವಿನ ಮುಂದೆ ನಾವು ದಿನಾ ಎಂಟು ಗಂಟೆ ಕೂರ್ತೀವಿ. ಬೇರೆ ಕೀಬೋರ್ಡ್ ಇದ್ರೆ ಲ್ಯಾಪ್‌ಟಾಪನ್ನ ಎತ್ತರಕ್ಕೆ ಇಡಬಹುದು. ನನ್ನದು ಈಗ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎರಡು ಸಂಪುಟದ ಮೇಲೆ ಕೂತಿದೆ. ಎಂಟು ಸಂಪುಟ ಇದೆ, ನಿಮ್ಮ ಎತ್ತರ ನೋಡ್ಕೊಂಡು ಹೆಚ್ಚು ಕಡಿಮೆ ಮಾಡ್ಕೊಳ್ಳಿ. (ಪದ ಬೇಕಾದಾಗ ಲ್ಯಾಪ್‌ಟಾಪ್ ಎತ್ತಿ ಪುಸ್ತಕ ತೆಗೀಬೇಕು, ಅದೊಂದು ವ್ಯಾಯಾಮ.)

"ಈಗ ಬಾಯಲ್ಲಿ ಹೇಳಿದ್ರೆ ಫೋನೇ ಬರ್ಕೊಳ್ಳುತ್ತೆ, ಕೀಬೋರ್ಡ್ ಯಾರಿಗೆ ಬೇಕು?"

ಗೂಗಲ್ 2017ರಲ್ಲಿ ಧ್ವನಿ ಟೈಪಿಂಗಿಗೆ ಕನ್ನಡ ಸೇರಿಸ್ತು, ನಾನೂ ಬಳಸ್ತೀನಿ. ಕೈ ಕಟ್ಟಿದ್ದಾಗ ಅದೇ ದಿಕ್ಕಾಗಿತ್ತು. ಮೆಸೇಜಿಗೆ ಬಹಳ ಚೆನ್ನ. ಆದ್ರೆ ಬರೆಯೋದು ಅಂದ್ರೆ ಹೇಳೋದಷ್ಟೇ ಅಲ್ಲವಲ್ಲ. ಒಂದು ವಾಕ್ಯ ಬರೆದು, ಹಿಂದೆ ಹೋಗಿ, ಕ್ರಿಯಾಪದ ಬದಲಾಯಿಸಿ, ಒಂದು ಪದ ಅಳಿಸಿ, ಮತ್ತೆ ಅದನ್ನೇ ಹಾಕಿ... ಇದನ್ನ ಬಾಯಲ್ಲಿ ಮಾಡೋಕೆ ಹೋಗಿ ಮನೆಯವರೆಲ್ಲ ನನಗೆ ಏನೋ ಆಗಿದೆ ಅಂದ್ಕೊಂಡ್ರು. ನಿಮ್ಮ ಮನೇಲೂ, ನಿಮ್ಮ ಆಫೀಸಿನ ಹಾಲಿನಲ್ಲೂ ಹತ್ತು ಜನ ಒಟ್ಟಿಗೆ ವಾಕ್ಯ ತಿದ್ದೋದನ್ನ ಊಹಿಸ್ಕೊಳ್ಳಿ.

"ಚಿಕ್ಕದು, ಚಂದದ್ದು, ಬಣ್ಣ ಬಣ್ಣದ ದೀಪ ಇರೋದು ತಗೊಳ್ಳಿ, ಈಗ ಅದೇ ಫ್ಯಾಷನ್ನು."

ಇದು ಹುಡುಗರ ವಾದ. ನನ್ನ ಅಣ್ಣನ ಮಗ ಒಂದು ತಂದಿದ್ದಾನೆ. ಸಂಖ್ಯೆಗಳ ಗುಂಪಿಲ್ಲ, ಬಾಣದ ಕೀಲಿ ಇಲ್ಲ, ಹೋಮ್, ಎಂಡ್, ಡಿಲೀಟ್ ಏನೂ ಇಲ್ಲ. ಎಲ್ಲಾದಕ್ಕೂ ಇನ್ನೊಂದು ಕೀಲಿ ಹಿಡ್ಕೊಂಡು ಒತ್ತಬೇಕು. ಆಟಕ್ಕೆ ಸರಿ ಇರಬಹುದು. ಪ್ರೂಫ್ ತಿದ್ದೋರಿಗೆ ಬಾಣದ ಕೀಲಿ ಅಂದ್ರೆ ಅಡುಗೆಮನೆಯ ಸಾರಿನ ಸೌಟಿದ್ದ ಹಾಗೆ, ಕಣ್ಮುಚ್ಚಿ ಕೈ ಹಾಕಿದ್ರೆ ಅಲ್ಲೇ ಇರಬೇಕು. ಇಷ್ಟು ಸಾಲದು ಅಂತ ಕೆಲವದರಲ್ಲಿ ಜಾಗ ಉಳಿಸೋಕೆ ಬಲಗಡೆ ಶಿಫ್ಟನ್ನೇ ಮೊಟಕು ಮಾಡಿರ್ತಾರೆ! ಈಗಾಗ್ಲೇ ಶಿಫ್ಟಲ್ಲೇ ಜೀವನ ಕಳೆಯೋ ನಮ್ಮಂಥವರಿಗೆ...

"ದೊಡ್ಡ ಕೀಬೋರ್ಡಿದ್ರೆ ಮೌಸ್ ದೂರ ಹೋಗಿ ಬಲ ಭುಜ ನೋಯುತ್ತೆ."

ಇದೊಂದು ನಿಜವಾದ ವಾದ, ಇದಕ್ಕೆ ತಲೆ ಬಾಗ್ತೀನಿ. ಪೂರ್ತಿ ಅಳತೆಯ ಕೀಬೋರ್ಡ್ ಸುಮಾರು 44 ಸೆಂಟಿಮೀಟರ್ ಉದ್ದ. ಸಂಖ್ಯೆಗಳ ಗುಂಪು ಮಾತ್ರ ತೆಗೆದ ಮಾದರಿ ಸುಮಾರು 36. ಆ ಎಂಟು ಸೆಂಟಿಮೀಟರಷ್ಟು ಬಲಗೈ ದಿನವಿಡೀ ಹೊರಗೆ ಚಾಚಬೇಕು. ನಿಮ್ಮ ಕೆಲಸದಲ್ಲಿ ಅಂಕಿ ಇಲ್ಲವೇ ಇಲ್ಲ ಅಂದ್ರೆ ಆ ಮಾದರಿ ತಗೊಳ್ಳಿ, ನನ್ನ ಜಗಳ ಇಲ್ಲ. ಆದ್ರೆ ಬಿಲ್ಲು, ಪುಟಸಂಖ್ಯೆ, ಕೋಷ್ಟಕ, ಮನೆ ಲೆಕ್ಕ ಅಂತ ದಿನಾ ಅಂಕಿ ಹೊಡೆಯೋರಿಗೆ ಪೂರ್ತಿ ಅಳತೆಯದ್ದೇ ಬೇಕು. ಬಹಳ ಜನ ಮಾಡೋ ತಪ್ಪು ಅಂದ್ರೆ ಕೀಬೋರ್ಡಿನ ನಟ್ಟನಡುವೆ ಕೂರೋದು. ಹಾಗೆ ಕೂತ್ರೆ ಎರಡೂ ಕೈ ಎಡಕ್ಕೆ ಸೊಟ್ಟಗಾಗುತ್ತೆ. ಹೊಕ್ಕುಳ ಜಿ ಮತ್ತು ಎಚ್ ನಡುವಿನ ಗೆರೆಗೆ ನೇರ ಬರೋ ಹಾಗೆ ಕೂತ್ಕೊಳ್ಳಿ. ನಾನು ಮೌಸನ್ನ ಎಡಗೈಗೆ ಕೊಟ್ಟಿದ್ದೆ, ಎಡಗೈ ನೋವಾದ ಮೇಲೆ ವಾಪಸ್ ತಗೊಂಡೆ. ಬಲಗೈ ಆಗಿಂದ ಗೊಣಗ್ತಾ ಇದೆ :-(

ಇನ್ನು "ಕೊಳ್ಳೋದಾದ್ರೆ ಏನು ನೋಡಿ ಕೊಳ್ಳಬೇಕು?" ಅಂತ ನಿಜವಾಗ್ಲೂ ಕೇಳೋರಿಗೆ. ನಾನು ಎಂಜಿನಿಯರ್ ಅಲ್ಲ, ಹೊಡೆಯೋಳು. ನಾಲ್ಕು ಅಂಗಡಿ ಸುತ್ತಿ ಕಲಿತಿದ್ದು ಇಷ್ಟು.

ಮೊದಲನೇದಾಗಿ, ಕೀಲಿಯಿಂದ ಕೀಲಿಗೆ ದೂರ. ಪೂರ್ತಿ ಅಳತೆಯದ್ರಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ 19 ಮಿಲಿಮೀಟರ್, ಅಂದ್ರೆ ಮುಕ್ಕಾಲು ಇಂಚು. ಸ್ಕೇಲ್ ಇಟ್ಟು ನೋಡಿ, ನಾಚ್ಕೋಬೇಡಿ. ಬಟ್ಟೆ ಅಂಗಡೀಲಿ ಅಳತೆ ನೋಡಲ್ವಾ?

ಎರಡನೇದು ಶಿಫ್ಟ್. ಇಲ್ಲಿ ಸಿಗೋ ಅಮೆರಿಕನ್ ಮಾದರಿಯಲ್ಲಿ ಎಡಗಡೆ ಶಿಫ್ಟ್ 43 ಮಿಲಿಮೀಟರಷ್ಟು, ಬಲಗಡೇದು 52ರಷ್ಟು ಉದ್ದ ಇರಬೇಕು. ಬ್ರಿಟಿಷ್ ಮಾದರಿಯಲ್ಲಿ ಎಡಗಡೆ ಶಿಫ್ಟನ್ನ ಕತ್ತರಿಸಿ ಪಕ್ಕಕ್ಕೆ ಇನ್ನೊಂದು ಕೀಲಿ ತುರುಕಿರ್ತಾರೆ, ಉಳಿಯೋದು 24 ಮಿಲಿಮೀಟರು. ವಿದೇಶದಲ್ಲಿರೋ ಕನ್ನಡ ಬ್ಲಾಗಿಗರು ಇದನ್ನ ವಿಶೇಷವಾಗಿ ನೋಡ್ಕೊಳ್ಳಿ. ಆಮೇಲೆ ಶಿಫ್ಟ್, ಸ್ಪೇಸ್, ಎಂಟರ್ ಮೂರನ್ನೂ ತುದೀಲಿ ಒತ್ತಿ ನೋಡಿ. ನಡುವೆ ಒತ್ತಿದಷ್ಟೇ ಸಲೀಸಾಗಿ, ವಾಲದೆ ಇಳೀಬೇಕು. ಉದ್ದದ ಕೀಲಿ ಕೆಳಗೆ ಅದನ್ನ ಸಮ ಹಿಡಿಯೋ ತಂತಿ ಇರುತ್ತೆ. ಅಗ್ಗದ್ದರಲ್ಲಿ ಮೊದಲು ಕೆಡೋದೇ ಅಲ್ಲಿ. ನನ್ನ ಹಳ್ಳಿ ಹಲ್ಲಿ ಆಗಿದ್ದೂ ಅಲ್ಲೇ.

ಮೂರನೇದು ಕೀಲಿಯ ಕೆಳಗೆ ಏನಿದೆ ಅನ್ನೋದು. ಅಗ್ಗದ್ದರಲ್ಲಿ ರಬ್ಬರಿನ ಗುಬಟು ಇರುತ್ತೆ. ಹೊಸದರಲ್ಲಿ ಚೆನ್ನಾಗಿರುತ್ತೆ, ಬರ್ತಾ ಬರ್ತಾ ಒಂದೊಂದು ಕೀಲಿ ಒಂದೊಂದು ಥರ ಆಗುತ್ತೆ. ಮೆಕ್ಯಾನಿಕಲ್ ಅನ್ನೋದರಲ್ಲಿ ಪ್ರತಿ ಕೀಲಿಗೂ ಬೇರೆ ಬೇರೆ ಸ್ಪ್ರಿಂಗಿನ ಸ್ವಿಚ್ಚು. ಅದು ಸುಮಾರು 4 ಮಿಲಿಮೀಟರ್ ಇಳಿದ್ರೂ ಅರ್ಧ ದಾರೀಲೇ, 2 ಮಿಲಿಮೀಟರ್ ಹತ್ತಿರವೇ, ಅಕ್ಷರ ಬಂದುಬಿಡುತ್ತೆ. ಅಂದ್ರೆ ತಳ ಬಡಿಯೋ ಅಗತ್ಯ ಇಲ್ಲ! ನನ್ನ ಮಟ್ಟಿಗೆ ದುಡ್ಡು ಕೊಟ್ಟಿದ್ದು ಈ ಎರಡು ಮಿಲಿಮೀಟರಿಗೆ. ಕೆಂಪು ಸ್ವಿಚ್ಚು ಹಗುರ, ಸದ್ದು ಕಡಿಮೆ. ಕಂದು ಸ್ವಿಚ್ಚು ನಡುವೆ ಬೆರಳಿಗೊಂದು ಸಣ್ಣ ಉಬ್ಬು ಕೊಡುತ್ತೆ. ನೀಲಿ ಸ್ವಿಚ್ಚು ಟಕ್ ಟಕ್ ಅನ್ನುತ್ತೆ, ರಾತ್ರಿ ಮಕ್ಕಳು ಮಲಗಿದ ಮೇಲೆ ಬರೆಯೋರು ತಗೋಬೇಡಿ. ನಾನು ಕಂದು ತಗೊಂಡೆ.

ಮೆಕ್ಯಾನಿಕಲ್ ಅಂದ್ರೆ ಈಗಿನ ಹುಡುಗರ ಷೋಕಿ ಅಂದ್ಕೊಂಡಿದ್ರೆ, ಹಳಬರು ಒಂದು ಸಲ ನೆನಪು ಮಾಡ್ಕೊಳ್ಳಿ. ಐಬಿಎಂ 1985ರಲ್ಲಿ ತಂದ ಮಾಡೆಲ್ ಎಮ್ ಸ್ಪ್ರಿಂಗಿನದೇ, ಆ ಕಾಲದವನ್ನ ಇವತ್ತೂ ಬಳಸೋರಿದ್ದಾರೆ. ಅಷ್ಟು ದೂರ ಯಾಕೆ, ನಮ್ಮಲ್ಲೇ ಬಿಲ್ ಕೌಂಟರುಗಳಲ್ಲಿ ಟಕಟಕ ಅಂತಿದ್ದ ಟಿವಿಎಸ್ ಗೋಲ್ಡ್ ನೆನಪಿದೆಯಾ? ಅದೂ ಮೆಕ್ಯಾನಿಕಲ್ಲೇ. ಬಿಲ್ ಹಾಕೋನ ಕೀಬೋರ್ಡ್ ಕೆಟ್ರೆ ವ್ಯಾಪಾರ ನಿಲ್ಲುತ್ತೆ ಅಂತ ಅಂಗಡಿಯವನಿಗೆ ಗೊತ್ತಿತ್ತು, ಅದಕ್ಕೇ ಒಳ್ಳೇದು ತಂದು ಹಾಕಿದ್ದ. ಕನ್ನಡ ಹೊಡೆಯೋಳ ಕೀಬೋರ್ಡ್ ಕೆಟ್ರೆ? ಕಾಗುಣಿತ ಕೆಡುತ್ತೆ, ಅಷ್ಟೇ ತಾನೇ! ಅದಕ್ಕೆ ಅವಳ ಸಂಬಳ ಇದೆಯಲ್ಲ, ಕಡಿಯೋಕೆ.

ನಾಲ್ಕನೇದು ಎತ್ತರ. ಕೀಬೋರ್ಡಿನ ಹಿಂಭಾಗದಲ್ಲಿ ಎರಡು ಮಡಚೋ ಕಾಲಿರುತ್ತೆ. ಡಬ್ಬದಿಂದ ತೆಗೆದ ತಕ್ಷಣ ಎಲ್ಲರೂ ಅದನ್ನ ಎತ್ತಿ ನಿಲ್ಲಿಸ್ತಾರೆ. ದಯವಿಟ್ಟು ಮಡಚಿ! ಅದು ಎದ್ದಷ್ಟೂ ಮಣಿಕಟ್ಟು ಹಿಂದಕ್ಕೆ ಬಾಗುತ್ತೆ. ಮುಂಗೈ, ಮಣಿಕಟ್ಟು, ಅಂಗೈ ಒಂದೇ ಗೆರೆಯಲ್ಲಿರಬೇಕು. ನಮ್ಮ ಟೇಬಲುಗಳು ಸಾಮಾನ್ಯವಾಗಿ ಎರಡೂವರೆ ಅಡಿ, ನನ್ನಂಥ ಐದಡಿಯವರಿಗೆ ಅದೇ ಎತ್ತರ. ಕುರ್ಚಿ ಏರಿಸಿ ಕಾಲ ಕೆಳಗೆ ಮಣೆ ಇಟ್ಕೊಂಡೆ, ಸರಿ ಹೋಯ್ತು. ಮೆಕ್ಯಾನಿಕಲ್ ಕೀಬೋರ್ಡುಗಳು ಸ್ವಲ್ಪ ದಪ್ಪ ಅನ್ನೋದು ಅವುಗಳ ದೋಷ, ಮುಚ್ಚಿಡಲ್ಲ. ಹೊಡೆಯೋದು ನಿಲ್ಲಿಸಿದಾಗ ಅಂಗೈ ಊರೋಕೆ ಮುಂದೊಂದು ಟವೆಲ್ ಮಡಚಿ ಇಟ್ಟಿದ್ದೀನಿ. ಖರ್ಚು ಸೊನ್ನೆ.

ಐದನೇದು, ಕಣ್ಣು ಮುಚ್ಚಿ ಎಫ್ ಮತ್ತು ಜೆ ಮೇಲಿನ ಗೀಟು ಸಿಗುತ್ತಾ ನೋಡಿ. ಆಮೇಲೆ ಅಂಗಡಿಯಲ್ಲೇ ನಿಮ್ಮದೇ ಒಂದು ವಾಕ್ಯ ಹತ್ತು ಸಲ ಹೊಡೀರಿ, ಳ, ಣ ಇರೋ ವಾಕ್ಯ. ಅಂಗಡಿ ಹುಡುಗ "ಯಾವ್ದಾದ್ರೂ ಒಂದೇ ಮೇಡಂ" ಅಂತಾನೆ. ನಗ್ತಾ ಹೊಡೀತಾ ಇರಿ. ಚಪ್ಪಲಿ ಕೊಳ್ಳೋವಾಗ ನಾಲ್ಕು ಹೆಜ್ಜೆ ನಡೆದು ನೋಡಲ್ವಾ? ಹಾಗೇ ಇದು.

ಒಂದು ಮಾತು ಪ್ರಾಮಾಣಿಕವಾಗಿ. ಕೀಬೋರ್ಡ್ ಬದಲಾಯಿಸಿದ್ರೆ ಎಲ್ಲಾ ಮುಗೀತು ಅಂತಲ್ಲ. "ಕನ್ನಡ" ಅನ್ನೋ ಪದಾನ ಇಂಗ್ಲಿಷ್ ಅಕ್ಷರದ ಶೈಲಿಯಲ್ಲಿ ಹೊಡೆಯೋಕೆ ಏಳು ಸಲ ಒತ್ತಬೇಕು, ಅದರಲ್ಲೊಂದು ಶಿಫ್ಟ್. ಕೆ.ಪಿ. ರಾವ್ ವಿನ್ಯಾಸದಲ್ಲಿ ಐದೇ ಸಲ, ಶಿಫ್ಟೇ ಇಲ್ಲ, ಯಾಕಂದ್ರೆ ಅಲ್ಲಿ ಡ ಇರೋದು ಸಣ್ಣ ಡಬ್ಲ್ಯೂ ಮೇಲೆ. ನಾನು ಮನೆಗೆ ಬಂದ ಮೇಲೆ ಸೋಮಾರಿಯಾಗಿ ಇಂಗ್ಲಿಷ್ ಅಕ್ಷರದ ಶೈಲಿಗೆ ಜಾರಿದ್ದೆ, ಈಗ ವಾಪಸ್ ಹೋಗಿದ್ದೀನಿ. ಅರ್ಧ ಗಂಟೆಗೊಮ್ಮೆ ಏಳ್ತೀನಿ. ಇವೆಲ್ಲ ಪುಕ್ಕಟೆ. ಆದ್ರೆ ಪುಕ್ಕಟೆ ಉಪದೇಶ ಮಾತ್ರ ಕೊಟ್ಟು ಕೀಬೋರ್ಡ್ ಕೊಡದೇ ಇರೋರ ಬಗ್ಗೆ ನನ್ನ ಸಿಟ್ಟು.

ಯಾಕಂದ್ರೆ ನನ್ನ ಕಥೆ ಇಷ್ಟಕ್ಕೇ ಮುಗೀತು. ನನಗೆ ಮೂರೂವರೆ ಸಾವಿರ ಇತ್ತು, ತಗೊಂಡೆ. ಡಿಟಿಪಿ ಸೆಂಟರಿನಲ್ಲಿ ನನ್ನ ಪಕ್ಕದ ಸಿಸ್ಟಮ್ಮಿನಲ್ಲಿ ಒಬ್ಬ ಅಕ್ಕ ಇದ್ರು. ನನಗಿಂತ ಹತ್ತು ವರ್ಷ ದೊಡ್ಡವರು. ಟೈಪ್‌ರೈಟರಿನಲ್ಲಿ ಸೀನಿಯರ್ ಪಾಸು. ಐವತ್ತು ಪುಟ ಹೊಡೆದ್ರೆ ಐದು ತಪ್ಪು ಸಿಗ್ತಿರಲಿಲ್ಲ. ಹಳೆಗನ್ನಡ ಪುಸ್ತಕ ಬಂದ್ರೆ ಅವರಿಗೇ ಕೊಡೋದು, ಯಾಕಂದ್ರೆ ಬೇರೆ ಯಾರಿಗೂ ಆಗ್ತಿರಲಿಲ್ಲ. ನನಗೆ ನೋವು ಬಂದ ಜಾಗದಲ್ಲೇ ಅವರಿಗೂ ಬಂತು, ಎಡಗೈಯಲ್ಲೇ. ಮಾಲೀಕರಿಗೆ ಹೇಳಿದಾಗ ಸಿಕ್ಕಿದ ಉತ್ತರ, "ಮನೇಲಿ ಬಟ್ಟೆ ಒಗೆದು ಕೈ ನೋಯಿಸ್ಕೊಂಡು ಬಂದು ಇಲ್ಲಿ ಹೇಳ್ತೀರಿ". ಆ ವಾರವೇ ಅವರ ಛೇಂಬರಿಗೆ ಹೊಸ ತಿರುಗೋ ಕುರ್ಚಿ ಬಂದಿತ್ತು, ಬೆನ್ನು ನೋವಿಗೆ ಒಳ್ಳೇದಂತ. ಅಕ್ಕ ಎರಡು ತಿಂಗಳು ಬಲಗೈ ಒಂದರಲ್ಲೇ ಹೊಡೆದ್ರು. ಪುಟ ಕಡಿಮೆ ಆಯ್ತು, ದುಡ್ಡು ಕಡಿಮೆ ಆಯ್ತು, ಆಮೇಲೆ ಬರೋದು ಬಿಟ್ರು. ಅವರು ಆಮೇಲೆ ಯಾವತ್ತೂ ಟೈಪ್ ಮಾಡಲಿಲ್ಲ. ಅವರ ಹಳೆಗನ್ನಡದ ಪುಸ್ತಕಗಳು ಯಾರದೋ ಹೆಸರಲ್ಲಿ ಬಿಡುಗಡೆಯಾಗಿ, ಹಾರ, ತುರಾಯಿ ಎಲ್ಲಾ ಆಯ್ತು. ಅಕ್ಷರ ಜೋಡಣೆ ಅಂತ ಸಣ್ಣ ಅಕ್ಷರದಲ್ಲಿ ಸೆಂಟರಿನ ಹೆಸರಿತ್ತು, ಅವರ ಹೆಸರಿರಲಿಲ್ಲ.

ನಾವು ಕನ್ನಡ ಕನ್ನಡ ಅಂತ ಎದೆ ಬಡ್ಕೊಳ್ಳೋರು. ನವೆಂಬರ್ ಬಂದ್ರೆ ಶಾಲು ಹೊದ್ದುಕೊಳ್ತೀವಿ. ಯುನಿಕೋಡ್ ಬರಲಿ, ಫಾಂಟ್ ಬರಲಿ, ತಂತ್ರಾಂಶ ಬರಲಿ ಅಂತ ವರ್ಷಗಟ್ಟಲೆ ಜಗಳ ಆಡಿದೀವಿ, ಸರಿಯಾಗೇ ಆಡಿದೀವಿ. ಆದ್ರೆ ಆ ಅಕ್ಷರ ಕೊನೆಗೆ ಒಂದು ಬೆರಳಿನ ತುದಿಯಿಂದ ಇಳೀಬೇಕು ಅನ್ನೋದನ್ನ ಮರೆತೇ ಬಿಟ್ಟಿದ್ದೀವಿ. ಬಡಗಿ ಒಳ್ಳೇ ಉಳಿಗೆ ದುಡ್ಡು ಹಾಕ್ತಾನೆ. ದರ್ಜಿ ಒಳ್ಳೇ ಕತ್ತರಿ ತಗೊಳ್ತಾನೆ. ಅವರನ್ನ ಯಾರೂ "ಅಗ್ಗದ್ದರಲ್ಲೂ ಅದೇ ಕಟ್ ಆಗೋದು" ಅನ್ನಲ್ಲ. ಬರೆಯೋರಿಗೆ, ಹೊಡೆಯೋರಿಗೆ ಮಾತ್ರ ಯಾಕೆ ಈ ಮಾತು?

ಅದಕ್ಕೇ ಕೇಳ್ತಿದ್ದೀನಿ. ನಿಮ್ಮಲ್ಲಿ ಪ್ರಕಾಶಕರಿದ್ದೀರಿ, ಆಫೀಸಿನಲ್ಲಿ ನಾಲ್ಕು ಜನಕ್ಕೆ ಮೇಲಧಿಕಾರಿಗಳಾಗಿರೋರಿದ್ದೀರಿ. ನಿಮ್ಮ ಪುಸ್ತಕ, ನಿಮ್ಮ ವರದಿ ಹೊಡೆಯೋ ಹುಡುಗಿಯ ಕೀಬೋರ್ಡ್ ನಾಳೆ ಒಂದು ಸಲ ಮುಟ್ಟಿ ನೋಡಿ. ಎಡಗಡೆ ಶಿಫ್ಟನ್ನ ತುದೀಲಿ ಒತ್ತಿ ನೋಡಿ. ವಾಲಿದ್ರೆ ಬದಲಾಯಿಸಿ, ಯಾವ್ದು ಬೇಕಮ್ಮ ಅಂತ ಅವಳನ್ನೇ ಕೇಳಿ ತನ್ನಿ. ಮೂರೂವರೆ ಸಾವಿರ ಆಗಲ್ವಾ, ಒಂದು ಸಾವಿರದೊಳಗಿನ ಒಳ್ಳೇ ರಬ್ಬರಿನದನ್ನೇ ತನ್ನಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ನಿಮ್ಮ ಫೋನ್ ಬದಲಾಯಿಸೋ ದಿನಾನೇ ಮಾಡಿ, ನೆನಪಿರುತ್ತೆ.

ಮನೆಗೆ ಬಂದಿದ್ದ ಗೆಳೆಯರು ಇದನ್ನ ಓದ್ತಾರೆ ಅಂತ ಗೊತ್ತು. ಬೇಜಾರು ಮಾಡ್ಕೋಬೇಡಿ, ಕಾಫಿಗೆ ಮತ್ತೆ ಬನ್ನಿ. ಬಂದಾಗ ಈ ಕೀಬೋರ್ಡಲ್ಲಿ ಒಂದು ಪುಟ ಹೊಡೆದು ನೋಡಿ, ಆಮೇಲೆ ಜಗಳ ಮುಂದುವರಿಸೋಣ.

ಬೈಯೋರು ಕೆಳಗೆ ಬೈಯಿರಿ. ಜಾಗ ಬೇಕಾದಷ್ಟಿದೆ, ಉತ್ತರ ಕೊಡೋಕೆ ಈಗ ಕೈಯೂ ಇದೆ :-)